ಮೊಳೆಯಿಲ್ಲದೆ ಕಟ್ಟಿದ ದೋಣಿ

ಕೆಟ್ಟುವಳ್ಳಂ ಎಂದರೆ ಹಗ್ಗದಿಂದ ಕಟ್ಟಿದ ದೋಣಿ. ಮಲಯಾಳದ ‘ಕೆಟ್ಟು’ ಬೇರೇನಲ್ಲ, ಕನ್ನಡದ ‘ಕಟ್ಟು’. ‘ವಳ್ಳಂ’ ಎಂದರೆ ದೋಣಿ. ಕೇರಳದ ಹಿನ್ನೀರು ಮತ್ತು ಕಾಲುವೆಗಳಲ್ಲಿ ತಲೆಮಾರುಗಟ್ಟಲೆ ಅಕ್ಕಿ, ಕೊಪ್ಪರ, ಮೆಣಸು ಹೊತ್ತ ಈ ದೋಣಿ ಲಾರಿಗಳ ಕಾಲದಲ್ಲಿ ಮೂಲೆ ಸೇರಿತು. 1990ರ ದಶಕದ ಆರಂಭದಲ್ಲಿ ದೋಣಿಮನೆಯಾಗಿ ಮತ್ತೆ ನೀರಿಗಿಳಿಯಿತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮನೆಗಳಿಂದ ರಜೆಯಲ್ಲಿ ಆಲಪ್ಪುಳಕ್ಕೋ ಕುಮರಕಂಗೋ ಹೋಗಿ, ಒಂದು ರಾತ್ರಿ ನೀರಿನ ಮೇಲೆ ಮಲಗಿ ಬರುವವರು ಬಹಳ. ಅವರು ಏರಿದ್ದು ಹಳೆಯ ದೋಣಿಯಾಗಿದ್ದರೆ, ಮಂಚದ ಕೆಳಗಿನ ಹಲಗೆಯಡಿ ಇರುವುದು ಹಿಂದೆ ಭತ್ತ ತುಂಬುತ್ತಿದ್ದ ಒಡಲು.

ಸರಕಿನ ಕೆಟ್ಟುವಳ್ಳಗಳು ಸಾಮಾನ್ಯವಾಗಿ 60ರಿಂದ 80 ಅಡಿ ಉದ್ದವಿದ್ದವು. 100 ಅಡಿ ಮುಟ್ಟಿದವೂ ಇದ್ದವು. ನಡುವಿನ ಅಗಲ ಸುಮಾರು 13 ಅಡಿ. ದೊಡ್ಡ ದೋಣಿ 30 ಟನ್‌ವರೆಗೆ ಹೊರುತ್ತಿತ್ತು. ಆಳವಿಲ್ಲದ ಕಾಲುವೆಯಲ್ಲೂ ಸಾಗಲೆಂದು ತಳ ಅಗಲವಾಗಿ, ಚಪ್ಪಟೆಯಾಗಿರುತ್ತಿತ್ತು. ಮುಂದಿನ ಮೂತಿ ಮತ್ತು ಹಿಂಬದಿ ಮೇಲಕ್ಕೆ ಬಾಗಿರುತ್ತಿದ್ದವು. ಸರಕು ನೆನೆಯದಂತೆ ಬಿದಿರಿನ ಬಾಗುಗಳ ಮೇಲೆ ಚಾಪೆ, ಗರಿ ಹೊದಿಸಿದ ಕಮಾನಿನಂಥ ಮಾಡು ಇರುತ್ತಿತ್ತು. ದೋಣಿಯವರ ಅಡುಗೆ, ನಿದ್ದೆ ಎಲ್ಲ ಅದರಡಿಯಲ್ಲೇ. ಉದ್ದನೆಯ ಬಿದಿರಿನ ಗಳವನ್ನು ನೀರಿನ ತಳಕ್ಕೆ ಊರಿ, ಅಂಚಿನ ಮೇಲೆ ಮುಂದಿನಿಂದ ಹಿಂದಕ್ಕೆ ನಡೆಯುತ್ತ ದೋಣಿಯನ್ನು ತಳ್ಳುತ್ತಿದ್ದರು. ಗಾಳಿ ಅನುಕೂಲವಾದಾಗ ಹಾಯಿ ಬಿಚ್ಚುತ್ತಿದ್ದರು.

ಮರ, ಹಗ್ಗ, ಎಣ್ಣೆ

ಈ ದೋಣಿಗೆ ಬೇಕಾದ ಮರ ಹೆಬ್ಬಲಸು. ಮಲಯಾಳದಲ್ಲಿ ಅದರ ಹೆಸರು ಆಂಞಿಲಿ. ಹಲಸಿನ ಕುಲದ ಈ ಮರ ಪಶ್ಚಿಮ ಘಟ್ಟದಲ್ಲಿ ನೆಟ್ಟಗೆ, ಎತ್ತರವಾಗಿ ಬೆಳೆಯುತ್ತದೆ. ಉದ್ದನೆಯ ಹಲಗೆ ಸಿಗುತ್ತದೆ, ನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ಕರ್ನಾಟಕದ ಕರಾವಳಿಯಲ್ಲೂ ದೋಣಿ ಕಟ್ಟುವವರಿಗೆ ಹೆಬ್ಬಲಸೇ ಅಚ್ಚುಮೆಚ್ಚು.

ಕೆಲಸ ತಳದ ಮರದಿಂದ ಆರಂಭ. ಅದರ ಅಂಚಿಗೆ ಮೊದಲ ಹಲಗೆ, ಅದರ ಅಂಚಿಗೆ ಇನ್ನೊಂದು, ಹೀಗೆ ಅಂಚಿಗೆ ಅಂಚು ಕೂಡಿಸುತ್ತ ಒಡಲು ಮೇಲೇಳುತ್ತದೆ. ಎರಡೂ ಹಲಗೆಗಳ ಅಂಚಿನುದ್ದಕ್ಕೆ ಸಮ ಅಂತರದಲ್ಲಿ ತೂತು ಕೊರೆಯುತ್ತಾರೆ. ಸಂದಿಯ ಮೇಲೆ ತೆಂಗಿನ ನಾರಿನ ಉದ್ದನೆಯ ಸುರುಳಿ ಇಟ್ಟು, ಅದರ ಮೇಲಿಂದ ನಾರಿನ ಹುರಿಯನ್ನು ತೂತಿನಿಂದ ತೂತಿಗೆ ಹಾಯಿಸಿ ಬಿಗಿಯುತ್ತಾರೆ. ಒಬ್ಬ ಒಳಗಿನಿಂದ ಎಳೆದರೆ ಇನ್ನೊಬ್ಬ ಹೊರಗಿನಿಂದ ಎಳೆಯಬೇಕು. ಹುರಿ ಒಂದೆಡೆ ಸಡಿಲಾದರೆ ಆ ಸಾಲಿಡೀ ನೀರು ಕುಡಿಯುತ್ತದೆ. ಒಡಲು ಪೂರ್ತಿಯಾದ ಮೇಲೆ ಒಳಗಿನಿಂದ ಪಕ್ಕೆಲುಬಿನಂಥ ಅಡ್ಡಮರಗಳನ್ನು ಕಟ್ಟುತ್ತಾರೆ. ಮೊದಲು ಹಂದರ ನಿಲ್ಲಿಸಿ ಅದಕ್ಕೆ ಹಲಗೆ ಬಡಿಯುವ ಯುರೋಪಿನ ಪದ್ಧತಿಗೆ ಇದು ತದ್ವಿರುದ್ಧ.

ಕೊನೆಗೆ ಎಣ್ಣೆಯ ಲೇಪ. ಗೋಡಂಬಿಯ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆಯನ್ನು ಕಾಯಿಸಿ ಒಡಲಿಗೆ ಬಳಿಯುತ್ತಾರೆ. ಮೀನೆಣ್ಣೆ ಬಳಸುವುದೂ ಉಂಟು. ನೀರನ್ನೂ ಮರ ಕೊರೆಯುವ ಹುಳುವನ್ನೂ ಇದು ದೂರ ಇಡುತ್ತದೆ.

ಮೊಳೆ ಹೊಡೆಯದಿರಲು ಕಾರಣವಿದೆ. ಹಿನ್ನೀರಿನಲ್ಲಿ ಸಮುದ್ರದ ಉಪ್ಪು ಬೆರೆತಿರುತ್ತದೆ. ಅಲ್ಲಿ ಕಬ್ಬಿಣದ ಮೊಳೆ ತುಕ್ಕು ಹಿಡಿದು, ಸುತ್ತಲಿನ ಮರವನ್ನೂ ಕೆಡಿಸುತ್ತದೆ. ನಾರಿಗೆ ಉಪ್ಪುನೀರಿನ ಭಯವಿಲ್ಲ. ನೆನೆದಾಗ ಉಬ್ಬಿ ಸಂದಿಯನ್ನು ಇನ್ನಷ್ಟು ಮುಚ್ಚುತ್ತದೆ. ಹೊಲಿದ ಒಡಲು ತುಸು ಬಾಗಬಲ್ಲದು, ಹಾಗಾಗಿ ದಡಕ್ಕೋ ಮರಳಿಗೋ ತಾಗಿದರೂ ಸೀಳುವುದಿಲ್ಲ. ಹಲಗೆಯೊಂದು ಕೆಟ್ಟರೆ ಅದರ ಹೊಲಿಗೆಯಷ್ಟನ್ನೇ ಬಿಚ್ಚಿ ಹೊಸದನ್ನು ಕೂಡಿಸಬಹುದು. ರಿಪೇರಿಗೆ ಒದಗುವ ಗುಣ ದೋಣಿಯ ಕಟ್ಟಣೆಯಲ್ಲೇ ಇದೆ.

ಕಾಲುವೆಗಳ ಕಾಲ

ಆಲಪ್ಪುಳದ ಸುತ್ತಲಿನ ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿವೆ. ಈ ಬೇಸಾಯ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಸುತ್ತಲೂ ನೀರಿರುವ ಇಂಥ ನಾಡಿನಲ್ಲಿ ಎತ್ತಿನ ಗಾಡಿಗೆ ದಾರಿಯಿರಲಿಲ್ಲ. ಬೆಳೆದ ಭತ್ತ ಕೊಚ್ಚಿಯ ಪೇಟೆ ಸೇರುತ್ತಿದ್ದದ್ದು ಕೆಟ್ಟುವಳ್ಳದಲ್ಲೇ. ತಿರುವಾಂಕೂರಿನ ಆಳ್ವಿಕೆಯಲ್ಲಿ ಹಿನ್ನೀರುಗಳನ್ನು ಕಾಲುವೆಗಳಿಂದ ಜೋಡಿಸುವ ಕೆಲಸ ದೊಡ್ಡದಾಗಿ ನಡೆಯಿತು. ದಾರಿಗಡ್ಡ ನಿಂತ ವರ್ಕಲದ ಗುಡ್ಡವನ್ನು ಕೊರೆದು, ದೋಣಿ ಸಾಗುವ ಸುರಂಗವನ್ನೇ 1880ರ ಹೊತ್ತಿಗೆ ಮುಗಿಸಿದರು. ತಿರುವನಂತಪುರದಿಂದ ಶೊರನೂರಿನವರೆಗೂ ಜಲಮಾರ್ಗ ಕೂಡಿಕೊಂಡಿತು.

ಸ್ವಾತಂತ್ರ್ಯದ ನಂತರ ರಸ್ತೆ, ಸೇತುವೆಗಳು ಬಂದವು. ದೋಣಿಗೆ ಎರಡು ಮೂರು ದಿನ ಹಿಡಿಯುತ್ತಿದ್ದ ದಾರಿಯನ್ನು ಲಾರಿ ಕೆಲವು ಗಂಟೆಗಳಲ್ಲಿ ಮುಗಿಸಿತು. ಕಾಲುವೆಗಳಲ್ಲಿ ಹೂಳು, ಜಲಕಳೆ ತುಂಬಿತು. ಎಷ್ಟೋ ಕೆಟ್ಟುವಳ್ಳಗಳು ದಡದಲ್ಲೇ ಒಣಗಿ, ಬಿರಿದು, ಹಲಗೆಯ ಬೆಲೆಗೆ ಮಾರಾಟವಾದವು. ಹೊಲಿಯುವ ಕೆಲಸ ಬಲ್ಲವರ ಮಕ್ಕಳು ಬೇರೆ ಕಸುಬು ಹಿಡಿದರು.

ಇಂಗ್ಲೆಂಡಿನ ಅನುಭವ

ಇದೇ ಬಗೆಯ ಕತೆ ಇಂಗ್ಲೆಂಡಿನ ನ್ಯಾರೋಬೋಟ್ ಎಂಬ ಕಿರಿದಾದ ಸರಕು ದೋಣಿಗಳದ್ದು. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ತಲುಪಿಸತೊಡಗಿದ ಮೇಲೆ ಆ ದೇಶದುದ್ದಕ್ಕೂ ಕಾಲುವೆಗಳು ಹಬ್ಬಿದವು. ಏರುತಗ್ಗು ದಾಟಿಸುವ ಜಲದ್ವಾರಗಳು ಏಳಡಿಯಷ್ಟೇ ಅಗಲವಿದ್ದುದರಿಂದ ದೋಣಿಗಳನ್ನೂ ಏಳಡಿಗಿಂತ ತುಸು ಕಡಿಮೆ ಅಗಲಕ್ಕೆ, ಸುಮಾರು 70 ಅಡಿ ಉದ್ದಕ್ಕೆ ಕಟ್ಟಿದರು. ದಡದ ಮೇಲೆ ನಡೆಯುವ ಕುದುರೆ ಅವನ್ನು ಎಳೆಯುತ್ತಿತ್ತು. ರೈಲು, ಲಾರಿಗಳು ಸರಕನ್ನು ಕಿತ್ತುಕೊಂಡವು. 1962-63ರ ಕಡು ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದಾಗ ಅಳಿದುಳಿದ ಸಾಗಣೆಯೂ ಬಹುಪಾಲು ನಿಂತಿತು.

ಅಷ್ಟರಲ್ಲಿ ಉಳಿಸುವ ಕೆಲಸ ಶುರುವಾಗಿತ್ತು. ‘ಕ್ರೆಸಿ’ ಎಂಬ ಹಳೆಯ ದೋಣಿಯಲ್ಲಿ ಹೆಂಡತಿಯೊಡನೆ ವಾಸವಿದ್ದ ಎಂಜಿನಿಯರ್ ಎಲ್.ಟಿ.ಸಿ. ರೋಲ್ಟ್ 1944ರಲ್ಲಿ ಪ್ರಕಟಿಸಿದ ‘ನ್ಯಾರೋ ಬೋಟ್’ ಪುಸ್ತಕ ಜನರ ಕಣ್ಣು ತೆರೆಸಿತು. 1946ರಲ್ಲಿ ಒಳನಾಡು ಜಲಮಾರ್ಗಗಳ ಸಂಘ ಹುಟ್ಟಿತು. ಸ್ವಯಂಸೇವಕರು ಸೊಂಟದವರೆಗೆ ಕೆಸರಿನಲ್ಲಿ ನಿಂತು ಹೂಳೆತ್ತಿದರು. ವರ್ಷಗಟ್ಟಲೆ ಮುಚ್ಚಿದ್ದ ಕೆನೆಟ್ ಮತ್ತು ಏವನ್ ಕಾಲುವೆ 1990ರಲ್ಲಿ ಮತ್ತೆ ತೆರೆಯಿತು. ಈಗ ಹಳೆಯ ದೋಣಿ ಕೊಂಡವರು ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಮೇಲೆತ್ತಿಸಿ ಒಡಲಿಗೆ ಕರಿಬಣ್ಣ ಬಳಿಸುತ್ತಾರೆ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪ್ರಮಾಣಪತ್ರ ಪಡೆಯುತ್ತಾರೆ, ಗಂಟೆಗೆ ನಾಲ್ಕು ಮೈಲಿ ಮೀರದೆ ಸಾಗುತ್ತಾರೆ. ಅಲ್ಲಿ ದೋಣಿಯೂ ಕಾಲುವೆಯೂ ಒಟ್ಟಿಗೇ ಉಳಿದವು. ಉಳಿಸಿದವರು ಮೊದಲಿಗೆ ಅವನ್ನು ಪ್ರೀತಿಸಿದ ಸಾಮಾನ್ಯ ಜನ.

ಸರಕಿನ ದೋಣಿಯಲ್ಲಿ ಮನೆ

ಕೇರಳದಲ್ಲಿ ಹಾದಿ ತೆರೆದದ್ದು ಪ್ರವಾಸೋದ್ಯಮ. ಸರಕು ತುಂಬುತ್ತಿದ್ದ ಜಾಗದಲ್ಲಿ ಮಲಗುವ ಕೋಣೆ, ಬಚ್ಚಲು, ಅಡುಗೆಮನೆ, ಮುಂಗಡೆ ಜಗಲಿ ಬಂದವು. ಗಳದ ಬದಲು ಡೀಸೆಲ್ ಎಂಜಿನ್ ಬಂತು. ಬಿದಿರಿನ ಚಾಪೆಯ ಕಮಾನು ಮಾಡು ಹಾಗೇ ಉಳಿದು, ದೋಣಿಮನೆಯ ಗುರುತೇ ಆಯಿತು. ಗಿರಾಕಿ ಹೆಚ್ಚಿದಂತೆ ಹಳೆಯ ದೋಣಿಗಳು ಸಾಲದೆ ಹೊಸವನ್ನು ಕಟ್ಟತೊಡಗಿದರು. ಈಗ ಆಲಪ್ಪುಳದಲ್ಲಿ ಕಾಣುವ ಎಲ್ಲವೂ ಹೊಲಿದ ದೋಣಿಗಳಲ್ಲ. ಬೋಲ್ಟು ಹಾಕಿದವು, ಉಕ್ಕಿನ ಇಲ್ಲವೇ ಫೈಬರ್ ಒಡಲಿನವು ಬಹಳ ಇವೆ.

ಮಾರ್ಪಾಡಿನಲ್ಲಿ ಒಂದು ಅಪಾಯವುಂಟು. ಭತ್ತದ ಚೀಲ ದೋಣಿಯ ತಳದಲ್ಲಿ ಕೂತು ಅದನ್ನು ಸ್ಥಿರವಾಗಿಸುತ್ತಿತ್ತು. ಕೋಣೆ, ನೀರಿನ ತೊಟ್ಟಿ, ಮಹಡಿ, ಮಹಡಿ ಮೇಲೆ ನಿಂತ ಜನ ಎಲ್ಲ ಸೇರಿ ಭಾರವನ್ನು ಮೇಲಕ್ಕೆ ಒಯ್ಯುತ್ತವೆ. ಭಾರ ಮೇಲೇರಿದಷ್ಟೂ ದೋಣಿ ವಾಲಿದಾಗ ಮತ್ತೆ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಗುಚಿ 22 ಜನರ ಜೀವ ತೆಗೆದದ್ದು ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿ ಮಾಡಿದ್ದ ಪ್ರವಾಸಿ ದೋಣಿ. ಹಳೆಯ ಒಡಲಿನ ಮೇಲೆ ಏನನ್ನು ಕಟ್ಟಬಹುದು, ಎಷ್ಟು ಜನ ಏರಬಹುದು ಎಂಬುದನ್ನು ಬಲ್ಲವರು ಲೆಕ್ಕ ಹಾಕಿಯೇ ಹೇಳಬೇಕು. ಒಳನಾಡು ಹಡಗುಗಳ 2021ರ ಕಾಯ್ದೆಯಡಿ ನೋಂದಣಿ, ತಪಾಸಣೆ ಕಡ್ಡಾಯವಾಗಿರುವುದು ಇದಕ್ಕೇ.

ಆರೈಕೆ ಮತ್ತು ಓಡಾಟ

ಬಸವನಗುಡಿಯ ಹಳೆಯ ಹೆಂಚಿನ ಮನೆಗೆ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಂತೆ ಕೆಟ್ಟುವಳ್ಳಕ್ಕೂ ಕಾಲಕಾಲದ ಕೆಲಸವಿದೆ. ದೋಣಿಯನ್ನು ದಡಕ್ಕೆಳೆದು ತಳಕ್ಕೆ ಅಂಟಿದ ಚಿಪ್ಪು, ಪಾಚಿ ಕೆರೆಯಬೇಕು. ಸಾಲು ಸಾಲಾಗಿ ಹೊಲಿಗೆ ನೋಡಿ, ಸವೆದ ಹುರಿ ಬಿಚ್ಚಿ ಹೊಸದು ಹಾಕಬೇಕು. ಹುಳು ತಿಂದ ಹಲಗೆ ಬದಲಿಸಬೇಕು, ಎಣ್ಣೆ ಕುಡಿಸಬೇಕು. ಮಳೆ ಬಿಸಿಲಿಗೆ ಕಂದಿದ ಚಾಪೆಯ ಮಾಡನ್ನು ಮತ್ತೆ ಹೊದಿಸಬೇಕು. ದಡದಲ್ಲಿ ಬಹಳ ದಿನ ಬಿಟ್ಟರೂ ಕೇಡು: ಮರ ಒಣಗಿ ಕುಗ್ಗಿ ಸಂದಿ ಬಿಡುತ್ತದೆ. ದೋಣಿಗೆ ನೀರೇ ಆರೋಗ್ಯ.

ಓಡಾಟದ ನಡಾವಳಿಯೂ ಇದೆ. ದೋಣಿಮನೆಗಳು ಸಂಜೆ ಐದೂವರೆಯ ಹೊತ್ತಿಗೆ ದಡ ಸೇರುತ್ತವೆ, ಬೆಳಗಾದ ಮೇಲೆಯೇ ಹೊರಡುತ್ತವೆ. ರಾತ್ರಿ ನೀರು ಬಲೆ ಬೀಸುವ ಮೀನುಗಾರರದ್ದು. ಜಲಕಳೆ ದಟ್ಟವಾದಲ್ಲಿ ಎಂಜಿನ್ನಿನ ರೆಕ್ಕೆಗೆ ಸುತ್ತಿಕೊಳ್ಳುತ್ತದೆ, ನಿಲ್ಲಿಸಿ ಬಿಡಿಸಬೇಕು. ಆಲಪ್ಪುಳ, ಕುಮರಕಂಗಳ ದೋಣಿಮನೆಗಳು ತೇಲುವ ವೆಂಬನಾಡ್ ಸರೋವರ 2002ರಿಂದ ರಾಮ್ಸಾರ್ ಒಪ್ಪಂದದ ರಕ್ಷಿತ ಜೌಗುಪ್ರದೇಶ. ಬಚ್ಚಲಿನ ಕೊಳೆ, ಡೀಸೆಲ್ಲಿನ ಎಣ್ಣೆ ಅದಕ್ಕೆ ಸೇರಿದರೆ ದಡದವರ ಕುಡಿಯುವ ನೀರು, ಮೀನು, ಭತ್ತ ಮೂರೂ ಕೆಡುತ್ತವೆ. ಬೇರೆ ದಾರಿ ಇಲ್ಲದಿಲ್ಲ. 2017ರ ಜನವರಿಯಿಂದ ವೈಕಂ ಮತ್ತು ತವಣಕ್ಕಡವು ನಡುವೆ ‘ಆದಿತ್ಯ’ ಎಂಬ 75 ಜನರ ದೋಣಿ ಬಿಸಿಲಿನ ವಿದ್ಯುತ್ತಿನಲ್ಲೇ ಜನರನ್ನು ದಾಟಿಸುತ್ತಿದೆ.

ಕಾಸರಗೋಡಿನ ನೀರು, ಕಾರವಾರದ ಹಡಗು

ಬೆಂಗಳೂರಿನವರು ದೋಣಿಮನೆಗಾಗಿ ಆಲಪ್ಪುಳದವರೆಗೇ ಹೋಗಬೇಕೆಂದಿಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡಿನ ತೆಂಕಣ ಅಂಚಿನಲ್ಲಿ ವಲಿಯಪರಂಬ ಹಿನ್ನೀರಿದೆ. ಸಮುದ್ರಕ್ಕೂ ಹಿನ್ನೀರಿಗೂ ನಡುವೆ ತೆಂಗಿನ ತೋಟ ಹೊತ್ತ ಕಿರಿದಾದ ನೆಲಪಟ್ಟಿ, ಒಳಗೆ ಚಿಕ್ಕ ಚಿಕ್ಕ ದ್ವೀಪಗಳು. ಕೊಡಗಿನ ಕಡೆಯ ಬೆಟ್ಟಗಳಿಂದ ಇಳಿದು ಬರುವ ತೇಜಸ್ವಿನಿ ನದಿ ಸೇರುವುದು ಇಲ್ಲಿಗೆ. ನೀಲೇಶ್ವರದ ಹತ್ತಿರದ ಕೋಟ್ಟಪ್ಪುರಂನಿಂದ ದೋಣಿಮನೆಗಳು ಹೊರಡುತ್ತವೆ. ಆಲಪ್ಪುಳದ ದಟ್ಟಣೆ ಇಲ್ಲಿಲ್ಲ. ಕೋವಳಂನಿಂದ ಬೇಕಲದವರೆಗಿನ ಪಶ್ಚಿಮ ಕರಾವಳಿ ಜಲಮಾರ್ಗ ಯೋಜನೆ ಪೂರ್ತಿಯಾದರೆ ದೋಣಿಯೊಂದು ಕೇರಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಳನೀರಿನಲ್ಲೇ ಬರಬಹುದು.

ಹೊಲಿಗೆಯ ವಿದ್ಯೆ ಹಿನ್ನೀರಿಗಷ್ಟೇ ಸೇರಿದ್ದಲ್ಲ. ಅರಬ್ಬಿ ಸಮುದ್ರ ದಾಟುತ್ತಿದ್ದ ಹಡಗುಗಳನ್ನೂ ಹೀಗೆಯೇ ಹೊಲಿಯುತ್ತಿದ್ದರು. 1980-81ರಲ್ಲಿ ಸಾಹಸಯಾತ್ರಿಕ ಟಿಮ್ ಸೆವೆರಿನ್ ಒಮಾನಿನಿಂದ ಚೀನಾಕ್ಕೆ ನಡೆಸಿದ ‘ಸೊಹಾರ್’ ಹಡಗಿನ ಮರ ಮಲಬಾರಿನದು. ಅದನ್ನು ಹೊಲಿದ ಕುಶಲಿಗಳು ಲಕ್ಷದ್ವೀಪದವರು. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ಆಧರಿಸಿ, ಕೇರಳದ ಕುಶಲಕರ್ಮಿಗಳು ಗೋವೆಯಲ್ಲಿ ಹೊಲಿದ ಹಾಯಿಹಡಗು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹೆಸರಿನಿಂದ ನೌಕಾಪಡೆ ಸೇರಿತು. ಅದರ ಹಾಯಿಯ ಮೇಲೆ ಕನ್ನಡ ನಾಡಿನ ಲಾಂಛನವಾದ ಗಂಡಭೇರುಂಡವಿದೆ. ಅದೇ ವರ್ಷದ ಡಿಸೆಂಬರ್ 29ರಂದು ಹಡಗು ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು. ಹೊಲಿಯುವ ಕೈಗಳು ಇನ್ನೂ ಉಳಿದಿದ್ದರಿಂದ ಇದು ಸಾಧ್ಯವಾಯಿತು.

ಹಳೆಯ ದೋಣಿಯನ್ನು ವಸ್ತುಸಂಗ್ರಹಾಲಯದಲ್ಲಿ ಇಟ್ಟರೆ ಮರ ಉಳಿದೀತು, ವಿದ್ಯೆ ಉಳಿಯದು. ದೋಣಿ ನೀರಿನಲ್ಲಿದ್ದರೆ ಹೊಲಿಗೆ ಸವೆಯುತ್ತದೆ. ಸವೆದರೆ ಹೊಲಿಯುವವನಿಗೆ ಕೆಲಸ ಸಿಗುತ್ತದೆ. ಕೆಲಸವಿದ್ದರೆ ಮಗನೋ ಶಿಷ್ಯನೋ ಕಲಿಯುತ್ತಾನೆ. ಆದ್ದರಿಂದ ದೋಣಿಮನೆ ಗೊತ್ತುಮಾಡುವ ಓದುಗರು ಬಾಡಿಗೆ, ಊಟದ ಜೊತೆಗೆ ಇನ್ನೂ ಮೂರು ಮಾತು ಕೇಳಲಿ: ಒಡಲು ಹೊಲಿದದ್ದೇ, ತಪಾಸಣೆಯ ಪತ್ರ ಇದೆಯೇ, ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ? ಈ ಮೂರಕ್ಕೂ ಸರಿಯಾದ ಉತ್ತರ ಕೊಡುವ ದೋಣಿಯನ್ನೇ ಆರಿಸಿಕೊಳ್ಳಲಿ.