ರಾತ್ರಿ ಅಳೆಯುವ ಸೇವಂತಿಗೆ

ಮಹಾನವಮಿ ಕಳೆದು ಶೀಗಿ ಹುಣ್ಣಿಮೆ ಬರುವ ಹೊತ್ತಿಗೆ ಯಾದಗಿರಿಯ ಓಣಿಗಳಲ್ಲಿ ಇಂಥದೊಂದು ದೂರು ಹುಟ್ಟಬಹುದು. ಒಂದೇ ತಾಯಿಗಿಡದಿಂದ ಕಿತ್ತ ಎರಡು ಸೇವಂತಿಗೆ ಮರಿಗಳು, ಅದೇ ಗೊಬ್ಬರ, ಅದೇ ನೀರು. ಹಿತ್ತಲಿನ ಗಿಡದ ತುಂಬ ಮೊಗ್ಗು. ತಲಬಾಗಿಲ ಮುಂದಿನದು ಬರೀ ಎಲೆ ಬಿಡುತ್ತ ಸೊಕ್ಕಿ ನಿಂತಿದೆ. ಮಣ್ಣನ್ನು ಬೈಯುತ್ತೇವೆ, ದೃಷ್ಟಿ ತಾಗಿತು ಎನ್ನುತ್ತೇವೆ. ಕತ್ತೆತ್ತಿ ಮೇಲಿನ ಬೀದಿದೀಪವನ್ನು ನೋಡುವವರು ಕಡಿಮೆ.

ಸೇವಂತಿಗೆ ರಾತ್ರಿಯ ಉದ್ದವನ್ನು ಅಳೆಯುತ್ತದೆ. ಬಿಡುವಿಲ್ಲದ ಕತ್ತಲು ಒಂದು ಮಿತಿಯನ್ನು ದಾಟಿದರೆ, ಅದೂ ಸಾಲಾಗಿ ಹಲವು ರಾತ್ರಿ ದಾಟಿದರೆ ಮಾತ್ರ ಎಲೆ ಚಿಗುರಿಸುವುದನ್ನು ಬಿಟ್ಟು ಮೊಗ್ಗು ಕಟ್ಟಲು ತೊಡಗುತ್ತದೆ. ಸಾಮಾನ್ಯ ತಳಿಗಳಿಗೆ ಈ ಮಿತಿ ಹತ್ತೂವರೆ ಗಂಟೆಯ ಆಸುಪಾಸು. ಹೊತ್ತು ಮುಳುಗಿದ ಮೇಲಿನ ಮಬ್ಬು ಬೆಳಕು, ಮೂಡುವ ಮುಂಚಿನ ನಸುಕು ಎರಡನ್ನೂ ಗಿಡ ಹಗಲಿನ ಲೆಕ್ಕಕ್ಕೇ ಹಾಕಿಕೊಳ್ಳುತ್ತದೆ.

ಈ ಲೆಕ್ಕವನ್ನು ನಮ್ಮ ಸೀಮೆಗೆ ಹಚ್ಚಿ ನೋಡಿ. ವಿಶ್ವಾರಾಧ್ಯರ ಮಠದ ಅಬ್ಬೆತುಮಕೂರು, ಪಕ್ಕದ ಯಾದಗಿರಿ ಇವೆಲ್ಲ ಸಮಭಾಜಕದಿಂದ 17 ಡಿಗ್ರಿಯಷ್ಟು ಉತ್ತರಕ್ಕಿವೆ. ಇಲ್ಲಿ ಜೂನ್ 21ರ ರಾತ್ರಿ ಸುಮಾರು 10 ಗಂಟೆ 50 ನಿಮಿಷ, ಡಿಸೆಂಬರ್ 21ರದು 13 ಗಂಟೆಗೆ ತುಸು ಕಡಿಮೆ. ವರ್ಷವಿಡೀ ಆಗುವ ಏರಿಳಿತ ಎರಡೇ ಗಂಟೆ; ಲಂಡನ್ನಿನಲ್ಲಿ ಅದು ಒಂಬತ್ತು ಗಂಟೆಯ ಹತ್ತಿರ. ಮಬ್ಬು, ನಸುಕಿನ ಮುಕ್ಕಾಲು ಗಂಟೆ ಕಳೆದರೆ ಜೂನ್‌ನಲ್ಲಿ ಗಿಡಕ್ಕೆ ಸಿಗುವ ನಿಜವಾದ ಕತ್ತಲು ಹತ್ತೇ ಗಂಟೆ. ಆಗಸ್ಟ್ 15ರ ಸುಮಾರಿಗೆ, ಶ್ರಾವಣದ ಮೋಡದ ನಡುವೆ, ಅದು ಹತ್ತೂವರೆಯನ್ನು ಮುಟ್ಟುತ್ತದೆ. ಅಲ್ಲಿಂದ ಅರಳುವವರೆಗೆ ಎಂಟು ಹತ್ತು ವಾರ ಬೇಕು. ಎಣಿಸಿದರೆ ದೀಪಾವಳಿಯ ಬಾಗಿಲಿಗೇ ಬಂದು ನಿಲ್ಲುತ್ತೇವೆ. ತಳಿ ಬದಲಾದರೆ, ರಾತ್ರಿಯ ಸೆಕೆ ಹೆಚ್ಚಾದರೆ ಈ ಲೆಕ್ಕ ಹಿಂದೆ ಮುಂದೆ ಆಗುತ್ತದೆ. ಆದರೂ ಅರ್ಧ ಗಂಟೆಯ ವ್ಯತ್ಯಾಸ ಹಿಡಿದು ಹಬ್ಬಕ್ಕೆ ಹೂ ಒಪ್ಪಿಸುವ ಗಿಡವೆಂದರೆ ಸಣ್ಣ ಮಾತೇನಲ್ಲ.

ಗಿಡಗಳು ಹಗಲು ರಾತ್ರಿಯ ಉದ್ದ ನೋಡಿ ಹೂ ಬಿಡುತ್ತವೆ ಎಂಬುದು ಮೊದಲು ಬೆಳಕಿಗೆ ಬಂದದ್ದು ತಂಬಾಕಿನಿಂದ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು, ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂ ಬಿಡದ ಒಂದು ತಂಬಾಕು ತಳಿಯನ್ನು ಹಗಲಿರುವಾಗಲೇ ಕತ್ತಲ ಕೋಣೆಗೆ ಸೇರಿಸಿ ಹೂ ಬಿಡಿಸಿದರು. 1920ರಲ್ಲಿ ಅದನ್ನು ಪ್ರಕಟಿಸಿದರು. ಮುಂದಿನ ಪ್ರಶ್ನೆಗೆ ಉತ್ತರ ಹೇಳಿದ್ದು ಸೇವಂತಿಗೆಯೇ. ರಾತ್ರಿಯನ್ನು ಗುರುತಿಸುವುದು ಗಿಡದ ಯಾವ ಭಾಗ? 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಖ್ಯಾನ್ ಸೇವಂತಿಗೆಯ ಮೇಲ್ಭಾಗದ ಎಲೆ ಬಿಡಿಸಿ, ಕೆಳಗಿನ ಎಲೆಗಳಿಗೆ ಮಾತ್ರ ದೀರ್ಘ ರಾತ್ರಿ ಕೊಟ್ಟರು. ಬೆಳಕಿನಲ್ಲೇ ಇದ್ದ ತುದಿ ಹೂ ಬಿಟ್ಟಿತು. ಎಲೆ ಅಳೆಯುತ್ತದೆ, ಸುದ್ದಿ ತುದಿಗೆ ಹೋಗುತ್ತದೆ. ಆ ಸುದ್ದಿ ಒಯ್ಯುವ ವಸ್ತುವಿಗೆ ಅವರು ಫ್ಲೋರಿಜನ್ ಎಂದು ಹೆಸರಿಟ್ಟರು. ಅದೊಂದು ಪ್ರೋಟೀನ್ ಎಂದು ಖಚಿತವಾಗಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು.

ಎಲೆಯಲ್ಲಿ ಬೆಳಕನ್ನು ಹಿಡಿಯುವುದು ಫೈಟೋಕ್ರೋಮ್ ಎಂಬ ವರ್ಣದ್ರವ್ಯ. ಕೆಂಪು ಬೆಳಕು ತಾಗಿದರೆ ಅದು ಒಂದು ರೂಪ ತಾಳುತ್ತದೆ, ನಮ್ಮ ಕಣ್ಣಿಗೆ ಕಂಡೂ ಕಾಣದ ಕಡುಕೆಂಪು ಬೆಳಕಿಗೆ ಇನ್ನೊಂದು ರೂಪ. ಕತ್ತಲಾಗಿ ಇಂತಿಷ್ಟು ಹೊತ್ತು ಕಳೆದ ಮೇಲೆ ಎಲೆಯೊಳಗಿನ ಗಡಿಯಾರ ಒಂದು ಸೂಕ್ಷ್ಮ ಅವಧಿಗೆ ಬರುತ್ತದೆ. ಆಗ ಕೆಂಪು ಬೆಳಕು ಬಿದ್ದರೆ ಫ್ಲೋರಿಜನ್ನಿಗೆ ಅಡ್ಡಗಾಲು ಹಾಕುವ ಇನ್ನೊಂದು ಪ್ರೋಟೀನ್ ತಯಾರಾಗುತ್ತದೆ. ಕಾಡು ಸೇವಂತಿಗೆಯಲ್ಲಿ ಇದನ್ನು ಜಪಾನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿಕೊಟ್ಟರು. ಗಡಿಯಾರದ ಈ ದೌರ್ಬಲ್ಯವನ್ನು ಜಪಾನಿನ ಅತ್ಸುಮಿ ಪ್ರದೇಶದ ಬೆಳೆಗಾರರು ಬಹಳ ಹಿಂದಿನಿಂದಲೂ ಕಾಸು ಮಾಡಿಕೊಂಡಿದ್ದಾರೆ. ನಡುರಾತ್ರಿ ಕೆಲವು ಗಂಟೆ ಬಲ್ಬು ಉರಿಸಿ ಹೂವನ್ನು ತಡೆಹಿಡಿದು, ಬೆಲೆ ಬರುವ ಹೊತ್ತಿಗೆ ದೀಪ ಆರಿಸುತ್ತಾರೆ. ನಮ್ಮ ಪಾಲಿಹೌಸುಗಳಲ್ಲಿ ನಡೆಯುವುದೂ ಇದೇ ಉಪಾಯ.

ಅವರು ದುಡ್ಡು ಕೊಟ್ಟು ಮಾಡುವ ಕೆಲಸವನ್ನು ನಮ್ಮ ಓಣಿಯ ಎಲ್‌ಇಡಿ ಪುಕ್ಕಟೆ ಮಾಡುತ್ತಿದೆ. ಹುಣ್ಣಿಮೆಯ ಬೆಳಕಿಗೆ ಅಂಜಬೇಕಾಗಿಲ್ಲ, ಅದು ಸುಮಾರು 0.3 ಲಕ್ಸ್ ಮಾತ್ರ. ಕಂಬದ ಕೆಳಗಿನ ಬೆಳಕು ಅದರ ಹತ್ತಾರು ಪಟ್ಟು. ಆದ್ದರಿಂದ ಸೇವಂತಿಗೆಯ ಕುಂಡವನ್ನು ಬೀದಿಗೆ ಬೆನ್ನು ಮಾಡಿದ ಜಾಗದಲ್ಲಿ, ಮಾಳಿಗೆಯಲ್ಲಾದರೆ ಪ್ಯಾರಾಪೆಟ್ ಗೋಡೆಯ ಮರೆಯಲ್ಲಿ ಇಡಬೇಕು. ಹಗಲು ಬಿಸಿಲು ಬೀಳುತ್ತಿರಬೇಕು. ಆಗಸ್ಟ್‌ನಿಂದ ಮೊಗ್ಗು ಬಣ್ಣ ತೋರುವವರೆಗೆ ಹೀಗಿದ್ದರೆ ಸಾಕು. ದಿನಾ ಸಂಜೆ ಡಬ್ಬಿ ಮುಚ್ಚಿ ಮುಂಜಾನೆ ತೆಗೆಯುವವರೂ ಇದ್ದಾರೆ. ಒಂದೆರಡು ದಿನ ಮರೆತರೆ ಹೂ ಇನ್ನಷ್ಟು ತಡ, ಹಾಗಾಗಿ ನನಗಂತೂ ಜಾಗ ಬದಲಿಸುವುದೇ ಸುಲಭವೆನಿಸುತ್ತದೆ.

ಕುಡಿ ಚಿವುಟುವುದಕ್ಕೂ ಇದೇ ಕ್ಯಾಲೆಂಡರ್. ತುದಿ ಚಿವುಟಿದರೆ ಅಲ್ಲಿಂದ ಕೆಳಗಿಳಿಯುತ್ತಿದ್ದ ಆಕ್ಸಿನ್ ಎಂಬ ಹಾರ್ಮೋನು ನಿಂತು ಪಕ್ಕದ ಕವಲುಗಳು ಒಡೆಯುತ್ತವೆ, ಗಿಡ ಪೊದೆಯಾಗುತ್ತದೆ. ಆದರೆ ಆಗಸ್ಟ್ ನಡುವಿನ ನಂತರ ಚಿವುಟಿದರೆ ಹಬ್ಬದ ಹೂವನ್ನೇ ಚಿವುಟಿದಂತೆ. ಎರೆಮಣ್ಣು ಒಂದನ್ನೇ ಕುಂಡಕ್ಕೆ ತುಂಬಬೇಡಿ; ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಮಸಾರಿ ಮಣ್ಣು, ಉಸುಕು, ಹಳೆಯ ತಿಪ್ಪೆಗೊಬ್ಬರ ಬೆರೆಸಿದರೆ ನೀರು ಬಸಿಯುತ್ತದೆ.

ದೀಪದ ಕೆಳಗಿನ ಜಾಗ ಖಾಲಿ ಬಿಡಬೇಕಿಲ್ಲ. ಅದು ಚೆಂಡು ಹೂವಿಗಿರಲಿ. ಅದಕ್ಕೂ ಸಣ್ಣ ಹಗಲು ಇಷ್ಟವೇ, ಆದರೆ ಸೇವಂತಿಗೆಯಷ್ಟು ಹಟವಿಲ್ಲ. ಬೀಜ ಹಾಕಿದ ಎರಡು ತಿಂಗಳ ಸುಮಾರಿಗೆ ಹೂ ಕೊಡುತ್ತದೆ. ನಮ್ಮ ಆಯುಧಪೂಜೆಗೆ ಬೇಕೇ ಬೇಕಾದ ಈ ಹೂ ಮೂಲತಃ ಮೆಕ್ಸಿಕೊದ್ದು. ಅಲ್ಲಿಯವರೂ ಹೆಚ್ಚುಕಡಿಮೆ ದೀಪಾವಳಿಯ ದಿನಗಳಲ್ಲೇ, ನವೆಂಬರ್ ಆರಂಭದಲ್ಲಿ, ತಮ್ಮ ಹಿರಿಯರನ್ನು ಇದೇ ಹೂವಿಟ್ಟು ನೆನೆಯುತ್ತಾರೆ.

ಹೂ ಮುಗಿದ ಸೇವಂತಿಗೆಯನ್ನು ಕಿತ್ತೆಸೆಯಬೇಡಿ. ಕಾಂಡವನ್ನು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿದರೆ ಬುಡದಿಂದ ಮರಿಗಳು ಏಳುತ್ತವೆ. ನಮ್ಮ ಕಡೆಯ ನಲವತ್ತು ಡಿಗ್ರಿ ದಾಟುವ ಬೇಸಿಗೆಯನ್ನು ಅವು ನೆರಳಲ್ಲಿ, ತೇವ ಆರದಂತೆ ಕಳೆದರೆ, ಮೊದಲ ಮಳೆಗೆ ಬಿಡಿಸಿ ಹೊಸ ಕುಂಡಗಳಿಗೆ ನೆಡಬಹುದು.