ಅನಿಲ ಸೋರಿಕೆಯ ಮೇಲೆ ಉಪಗ್ರಹಗಳ ನಿಗಾ: ಸಾರ್ವಜನಿಕರಿಗೆ ಮಾಹಿತಿ

ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್ ಆಗಿರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತೈಲಬಾವಿ, ಕೊಳವೆಮಾರ್ಗ ಹಾಗೂ ಕಂಪ್ರೆಸರ್ ಕೇಂದ್ರಗಳಿಂದ ಇದು ಸೋರಿದಲ್ಲಿ, 20 ವರ್ಷಗಳ ಅವಧಿಯಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಅಧಿಕ ಶಾಖವನ್ನು ವಾತಾವರಣದಲ್ಲಿ ಹಿಡಿದಿಡುತ್ತದೆ. ಆದರೆ ಸುಮಾರು 12 ವರ್ಷಗಳಲ್ಲಿ ವಿಘಟನೆ ಹೊಂದುವುದರಿಂದ, ಇಂದು ತಡೆದ ಸೋರಿಕೆಯ ಫಲವು ಈ ತಲೆಮಾರಿನವರಿಗೇ ದೊರೆಯುತ್ತದೆ.

ಪತ್ತೆ ಹಚ್ಚುವ ವಿಧಾನ:
ಭೂಮಿಯಿಂದ ಪ್ರತಿಫಲಿಸುವ ಸೂರ್ಯನ ಬೆಳಕಿನಲ್ಲಿ, ಇನ್‌ಫ್ರಾರೆಡ್ ಭಾಗದ ಕೆಲವು ನಿರ್ದಿಷ್ಟ ತರಂಗಗಳನ್ನು ಮೀಥೇನ್ ಹೀರಿಕೊಳ್ಳುತ್ತದೆ. ಹೀಗೆ ಕಡಿಮೆಯಾದ ಬೆಳಕನ್ನು ಅಳೆದು ಅನಿಲದ ಪ್ರಮಾಣವನ್ನು ಲೆಕ್ಕಹಾಕಲಾಗುತ್ತದೆ. ಆದುದರಿಂದ ರಾತ್ರಿಯಲ್ಲಿ ಹಾಗೂ ಮೋಡ ಕವಿದಾಗ ಈ ಮಾಪನ ಸಾಧ್ಯವಾಗದು. ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹದಲ್ಲಿರುವ (ಉಡಾವಣೆ: ಅಕ್ಟೋಬರ್ 2017) ಟ್ರೋಪೋಮಿ ಉಪಕರಣವು ಪ್ರತಿದಿನ ಇಡೀ ಭೂಮಿಯನ್ನು ಗಮನಿಸುತ್ತದೆಯಾದರೂ, ಅದರ ಒಂದು ಚುಕ್ಕೆಯೇ ಹಲವು ಕಿಲೋಮೀಟರ್ ಅಗಲವಿರುತ್ತದೆ. ಇಂತಹ ಬಾವಿಯೇ ಎಂದು ಗುರುತಿಸಲು ಸೂಕ್ಷ್ಮ ದೃಷ್ಟಿಯ ಬೇರೆ ಉಪಗ್ರಹಗಳು ಬೇಕಾಗುತ್ತವೆ. ಕೆನಡಾದ ಜಿಎಚ್‌ಜಿಸ್ಯಾಟ್ ಸಂಸ್ಥೆಯ ಪ್ರಥಮ ಉಪಗ್ರಹವು ಇಂತಹುದು. ಅದು 2016ರ ಜೂನ್ 22ರಂದು ಶ್ರೀಹರಿಕೋಟಾದಿಂದ ಇಸ್ರೋದ ಪಿಎಸ್‌ಎಲ್‌ವಿ-ಸಿ34 ರಾಕೆಟ್ಟಿನ ಮೂಲಕ ಕಕ್ಷೆ ಸೇರಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಇದೇ ಉಪಗ್ರಹವು 2019ರ ಜನವರಿಯಲ್ಲಿ ಪಶ್ಚಿಮ ತುರ್ಕ್‌ಮೆನಿಸ್ತಾನದ ಕೆಸರು ಜ್ವಾಲಾಮುಖಿಯೊಂದನ್ನು ಗಮನಿಸುತ್ತಿದ್ದಾಗ, ಹುಡುಕದೇ ಇದ್ದ ಅನಿಲದ ಮೋಡವೊಂದು ಕಂಡುಬಂದಿತು. ಮೂಲವು ಕೊರ್ಪೆಜೆ ಅನಿಲ ಕ್ಷೇತ್ರದಲ್ಲಿತ್ತು. ಟ್ರೋಪೋಮಿಯ ಹಳೆಯ ದಾಖಲೆಗಳನ್ನು ತೆರೆದು ನೋಡಲಾಗಿ, 2018ರ ಫೆಬ್ರವರಿಯಿಂದಲೂ ಅಲ್ಲಿ ಮೀಥೇನ್ ಹೊರಬೀಳುತ್ತಿದ್ದುದು ದೃಢಪಟ್ಟಿತು. ಒಂದು ವರ್ಷದ ಒಟ್ಟು ಪ್ರಮಾಣವನ್ನು ಸುಮಾರು 1,42,000 ಟನ್ ಎಂದು ಅಂದಾಜಿಸಲಾಗಿದೆ. ಆದರೆ ಇಂತಹ ದೂರನ್ನು ಯಾರಿಗೆ ಸಲ್ಲಿಸಬೇಕೆಂಬ ವ್ಯವಸ್ಥೆಯೇ ಅಂದು ಇರಲಿಲ್ಲ. ರಾಜತಾಂತ್ರಿಕ ಮಾರ್ಗದಲ್ಲಿ ವಿಷಯ ಮುಟ್ಟಿಸಬೇಕಾಯಿತು.

ಈ ಕೊರತೆಯನ್ನು ನೀಗಿಸಲು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2022ರ ನವೆಂಬರ್‌ನಲ್ಲಿ ‘ಮಾರ್ಸ್’ ಎಂಬ ಎಚ್ಚರಿಕೆ ವ್ಯವಸ್ಥೆಯನ್ನು ಪ್ರಕಟಿಸಿತು. ಉಪಗ್ರಹಗಳು ಕಂಡ ದೊಡ್ಡ ಸೋರಿಕೆಗಳನ್ನು ಸಂಬಂಧಪಟ್ಟ ಸರ್ಕಾರ ಮತ್ತು ಕಂಪನಿಗಳಿಗೆ ಈ ಮೂಲಕ ತಿಳಿಸಲಾಗುತ್ತದೆ. 2024ರ ವರದಿಯ ಪ್ರಕಾರ ಕಳುಹಿಸಲಾದ ಸುಮಾರು 1,200 ಸೂಚನೆಗಳ ಪೈಕಿ ಉತ್ತರ ಬಂದದ್ದು ಶೇ. 1ರಷ್ಟಕ್ಕೆ ಮಾತ್ರ, 2025ರ ವರದಿಯಲ್ಲಿ ಇದು ಶೇ. 12ಕ್ಕೆ ಏರಿದೆ. ಅರ್ಜಿ ಸಲ್ಲಿಸಿ ಸ್ವೀಕೃತಿಗಾಗಿ ಕಾಯ್ದವರಿಗೆ ಈ ಅಂಕಿಗಳ ಅರ್ಥವನ್ನು ವಿವರಿಸಬೇಕಾಗಿಲ್ಲ. ಉತ್ತರ ಬಂದೆಡೆ ಫಲ ಕಂಡಿದೆ: ಅಲ್ಜೀರಿಯದ ಹಾಸಿ ಮೆಸೌದ್‌ನಲ್ಲಿ ಕನಿಷ್ಠ 1999ರಿಂದ ನಡೆದಿದ್ದ ಸೋರಿಕೆಯನ್ನು 2024ರ ಅಕ್ಟೋಬರ್‌ನಲ್ಲಿ ನಿಲ್ಲಿಸಲಾಯಿತು.

ಗ್ರಾಹಕರ ಗಮನಕ್ಕೆ:
ಸೂಕ್ಷ್ಮ ಉಪಗ್ರಹಗಳಿಗೂ ಗಂಟೆಗೆ ಸುಮಾರು 100 ಕಿಲೋಗ್ರಾಂಗಿಂತ ಕಡಿಮೆಯ ಸೋರಿಕೆ ಸಾಮಾನ್ಯವಾಗಿ ಗೋಚರಿಸದು. ಮನೆಯ ಸೋರಿಕೆಯನ್ನು ಬಳಕೆದಾರರೇ ಗಮನಿಸಬೇಕು. ಇದಕ್ಕಾಗಿಯೇ ಕೊಳವೆ ಅನಿಲಕ್ಕೂ ಸಿಲಿಂಡರ್ ಅನಿಲಕ್ಕೂ ವಾಸನೆ ಬೆರೆಸಲಾಗಿರುತ್ತದೆ. ವಾಸನೆ ಬಂದಲ್ಲಿ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ವಿದ್ಯುತ್ ಸ್ವಿಚ್ಚುಗಳನ್ನು ಮುಟ್ಟದೆ ಹೊರಬರತಕ್ಕದ್ದು. ಕೊಳವೆ ಅನಿಲದ ಗ್ರಾಹಕರು ತಮ್ಮ ಸರಬರಾಜು ಕಂಪನಿಯ ತುರ್ತು ಸಂಖ್ಯೆಗೂ, ಎಲ್‌ಪಿಜಿ ಗ್ರಾಹಕರು 1906ಕ್ಕೂ ಕರೆ ಮಾಡಬೇಕು.