ಕಂಬದೂರಿನಿಂದ ಎರಡು ಮಗ್ಗದೂರುಗಳ ದಾರಿ

ಕಂಬದೂರಿನ ಕಡೆ ಮದುವೆ ಗೊತ್ತಾದರೆ ಹೆಂಗಸರ ಮಾತು ಬೇಗನೆ ಎರಡು ಊರುಗಳ ಕಡೆ ತಿರುಗುತ್ತದೆ: ಜವಳಿಗೆ ಧರ್ಮಾವರಕ್ಕೋ, ಮೊಳಕಾಲ್ಮೂರಿಗೋ? ಅನಂತಪುರ ಜಿಲ್ಲೆಯ ಕಲ್ಯಾಣದುರ್ಗದ ದಕ್ಷಿಣಕ್ಕೆ, ಪಾವಗಡ ತಾಲ್ಲೂಕಿಗೆ ತಾಗಿಕೊಂಡಂತಿರುವ ಈ ಊರಿನ ಪೂರ್ವಕ್ಕೆ ಧರ್ಮಾವರ. ವಾಯವ್ಯಕ್ಕೆ ಹೊರಟು ರಾಯದುರ್ಗ ದಾಟಿದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು. ದಕ್ಷಿಣಕ್ಕೆ ಹಿಪ್ಪುನೇರಳೆ ಬೆಳೆಯುವ ಮಡಕಶಿರಾ, ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೂಪುರ. ತೆಲುಗು ಕನ್ನಡ ಎರಡೂ ಒಂದೇ ಬಾಯಲ್ಲಿ ಆಡುವ ಈ ಸೀಮೆಯ ಹೆಣ್ಣುಮಕ್ಕಳಿಗೆ ರೇಷ್ಮೆ ಸೀರೆಯ ಹುಚ್ಚು ಬರುವುದಕ್ಕೆ ದೂರದ ಕಂಚಿಯ ಹೆಸರು ಬೇಕಿಲ್ಲ. ಮಳೆ ಮಾತ್ರ ಬೇಕು. ಕಡ್ಲೆಕಾಯಿ ಕೈಹಿಡಿದ ವರ್ಷ ಪೆಟ್ಟಿಗೆಗೊಂದು ಸೀರೆ ಸೇರುತ್ತದೆ, ಬರ ಬಿದ್ದ ವರ್ಷ ಹಳೆಯದನ್ನೇ ತೆಗೆದು ಮಡಿಕೆ ಬದಲಿಸಿ ಇಡುತ್ತಾರೆ.

ಧರ್ಮಾವರದ ಸೀರೆ ಕೈಗೆ ತೂಕವಾಗಿ ಬರುತ್ತದೆ. ಅಗಲವಾದ ಜರಿ ಅಂಚು, ತುಂಬು ಕೆಲಸದ ಸೆರಗು, ಒಡಲಿಗೂ ಅಂಚಿಗೂ ಎದುರು ಬಣ್ಣ. ಭರತನಾಟ್ಯ, ಕೂಚಿಪುಡಿ ನರ್ತಕಿಯರು ಇದನ್ನು ಮೆಚ್ಚುವುದು ಈ ಎದ್ದುಕಾಣುವ ಅಂಚಿಗಾಗಿಯೇ. 2022ರಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಧರ್ಮಾವರ, ಹಿಂದೂಪುರಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು, ಕಂಬದೂರು ಅನಂತಪುರದಲ್ಲೇ ಉಳಿಯಿತು. ಜವಳಿಯ ದಾರಿ ಮಾತ್ರ ಬದಲಾಗಲಿಲ್ಲ.

ಮೊಳಕಾಲ್ಮೂರಿನದು ಬೇರೆ ಸ್ವಭಾವ.  ಬಂಡೆಗುಡ್ಡಗಳ ನಡುವಿನ ಈ ಪುಟ್ಟ ಪಟ್ಟಣದಲ್ಲಿ ಅಷ್ಟು ನಾಜೂಕಿನ ಕೆಲಸ ಹುಟ್ಟುವುದು ಮೊದಲ ಸಲ ಹೋದವರಿಗೆ ಅಚ್ಚರಿ. ಗೋಪುರದ ಸಾಲು ಕಟ್ಟಿದ ಅಂಚು, ನವಿಲು, ಹೂವು, ಹಣ್ಣಿನ ಬುಟ್ಟಾಗಳು, ಕಣ್ಣಿಗೆ ಹೊಡೆಯದೆ ಒಂದಕ್ಕೊಂದು ಒಪ್ಪುವ ಬಣ್ಣಗಳು. ಉಟ್ಟಾಗ ಇದು ಧರ್ಮಾವರಕ್ಕಿಂತ ಮೃದುವಾಗಿ ಬೀಳುತ್ತದೆಂಬುದು ನನ್ನ ಅನುಭವ. ಎರಡೂ ಊರಿನ ಸೀರೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಹೆಸರು ಮಾತ್ರ ಧರ್ಮಾವರಕ್ಕೇ ಹೆಚ್ಚು. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಮೊಳಕಾಲ್ಮೂರು ಎಂದು ಕೇಳಿದರೆ ಈಗಲೂ ಹಲವರು ಒಂದು ಗಳಿಗೆ ಯೋಚಿಸುತ್ತಾರೆ. ಇದು ಸರಿಯಲ್ಲ. ಕನ್ನಡ ನಾಡಿನ ಅತ್ಯುತ್ತಮ ರೇಷ್ಮೆ ಸೀರೆಗಳಲ್ಲಿ ಇದೂ ಒಂದು.

ಸೀರೆ ಸಂಗ್ರಹಿಸುವವರು ಮೊದಲು ನೋಡಬೇಕಾದದ್ದು ಅಂಚು ಒಡಲಿಗೆ ಸೇರುವ ಗೆರೆ. ಒಡಲಿನೊಡನೆ ಹೆಣೆದು ಕೂಡಿಸಿದ ಅಂಚಿಗೆ ಕುಟ್ಟು ಎನ್ನುತ್ತಾರೆ. ಅಂಥ ಸೀರೆಗೆ ಮೂರು ಲಾಳಿ ಬೇಕು: ಒಡಲಿನ ಬಣ್ಣಕ್ಕೊಂದು, ಎರಡು ಅಂಚಿಗೆ ಒಂದೊಂದು. ಪ್ರತಿ ಎಳೆಯಲ್ಲೂ ಅಂಚಿನ ಹೊಕ್ಕು ಒಡಲಿನ ಹೊಕ್ಕಿಗೆ ಕೊಕ್ಕೆ ಹಾಕಿ ಹಿಂತಿರುಗಬೇಕು. ನೇಕಾರನ ಎರಡು ಕೈಗೆ ಇದು ನೀಗದ ಕೆಲಸವಾದ್ದರಿಂದ ಪಕ್ಕದಲ್ಲಿ ಇನ್ನೊಬ್ಬರು ಕೂತು ಮೂರನೆಯ ಲಾಳಿ ಒಗೆಯುತ್ತಾರೆ. ಹಿಂದೆ ಈ ಜಾಗದಲ್ಲಿ ಕೂರುತ್ತಿದ್ದುದು ಹೆಚ್ಚಾಗಿ ಮನೆಯ ಮಕ್ಕಳೇ. ಹೀಗೆ ಕೂಡಿಸಿದ ಅಂಚಿನಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಒಸರುವುದಿಲ್ಲ. ಕೆಂಪು ಕೆಂಪಾಗಿಯೇ ನಿಲ್ಲುತ್ತದೆ, ಹಸಿರು ಹಸಿರಾಗಿಯೇ. ಸುಲಭದ ದಾರಿಯಲ್ಲಿ ಒಂದೇ ಲಾಳಿ ಈ ತುದಿಯಿಂದ ಆ ತುದಿಗೆ ಓಡುತ್ತದೆ, ಆಗ ಒಡಲಿನ ಬಣ್ಣ ಅಂಚಿನೊಳಗೂ ಬೆರೆತು ಹೊಳಪು ಮಸುಕಾಗುತ್ತದೆ. ಸೀರೆಯನ್ನು ಮಗುಚಿ ಹಿಂಬದಿಯಲ್ಲಿ ಆ ಗೆರೆಯ ಮೇಲೆ ಬೆರಳಾಡಿಸಿ. ಹಲ್ಲುಹಲ್ಲಾದ ಸಣ್ಣ ಏರು ತಗುಲಿದರೆ ಅದು ಕುಟ್ಟು. ಇದೇ ಜಾಣ್ಮೆ ಇಳಕಲ್ಲಿನಲ್ಲಿ ಬೇರೆ ಜಾಗಕ್ಕೆ ಹೋಗಿದೆ: ಅಲ್ಲಿ ಒಡಲಿನ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕುತ್ತಾರೆ.

ಧರ್ಮಾವರದ ಅಂಚಿನ ಚಿತ್ತಾರಗಳ ತವರು ನೋಡಬೇಕೆಂದರೆ ಹಿಂದೂಪುರದ ಬಳಿಯ ಲೇಪಾಕ್ಷಿಗೆ ಹೋಗಬೇಕು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 16ನೆಯ ಶತಮಾನದಲ್ಲಿ, ವಿರೂಪಣ್ಣ ಕಟ್ಟಿಸಿದ ವೀರಭದ್ರ ದೇವಾಲಯದ ಸೂರಿನಲ್ಲಿ ಬರೆದ ಹೆಂಗಸರು ಉಟ್ಟ ಸೀರೆಗಳನ್ನು ಕತ್ತೆತ್ತಿ ಒಂದೊಂದಾಗಿ ನೋಡಿದರೆ ಪಟ್ಟೆ, ಚೌಕುಳಿ, ಬಳ್ಳಿ, ಅಗಲ ಅಂಚು ಎಲ್ಲವೂ ಅಲ್ಲಿವೆ. ಹೊರಗಿನ ಲತಾಮಂಟಪದ ಕಂಬಗಳಿಗೆ ಬಂದರಂತೂ ಕಂಬಕ್ಕೊಂದು ಹೊಸ ವಿನ್ಯಾಸ, ಕಲ್ಲಿನಲ್ಲಿ ಕೊರೆದ ಮಾದರಿ ಪುಸ್ತಕದ ಹಾಗೆ. ಧರ್ಮಾವರದ ನೇಕಾರರು ಈ ಬಳ್ಳಿ, ಹಂಸ, ಹೂವುಗಳನ್ನು ತಮ್ಮ ಅಂಚುಗಳಿಗೆ ಇಳಿಸಿಕೊಂಡಿದ್ದಾರೆ.  ಒಂದು ಧರ್ಮಾವರ ಸೀರೆಯನ್ನು ಜೊತೆಗೆ ಒಯ್ದು, ಆ ಕಂಬಗಳ ಪಕ್ಕ ಅಂಚನ್ನು ಹಿಡಿದು ನೋಡುವ ಸುಖ ಸಂಗ್ರಾಹಕರು ತಪ್ಪಿಸಿಕೊಳ್ಳಬಾರದು.

ಇನ್ನು ಬೆಲೆಯ ಮಾತು. ಅಂಗಡಿಯ ದೀಪದಡಿ ಸೀರೆಗೆ ಕಟ್ಟುವ ಬೆಲೆಯಲ್ಲಿ ಮಗ್ಗದ ಮನೆಗೆ ಸೇರುವ ಪಾಲು ಚಿಕ್ಕದು. ಹೆಚ್ಚಿನ ನೇಕಾರರು ಸಾಹುಕಾರ ಕೊಟ್ಟ ರೇಷ್ಮೆ, ಜರಿಯಲ್ಲಿ ಕೂಲಿಗೆ ನೇಯುವವರು. ಸೀರೆಗೆ ಇಷ್ಟೆಂದು ಮಜೂರಿ. ಅದರಲ್ಲಿ ಹೆಂಡತಿ ಕಂಡಿಕೆ ಸುತ್ತಿದ್ದು, ಅಪ್ಪ ಹಾಸು ಹೂಡಿದ್ದು, ಮಗ ಲಾಳಿ ಒಗೆದದ್ದು ಎಲ್ಲವೂ ಸೇರಿಹೋಗಿರುತ್ತದೆ. ಅಂಚು, ಸೆರಗಿನ ಸಾಂಪ್ರದಾಯಿಕ ಸೀರೆಗಳನ್ನು 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೈಮಗ್ಗಕ್ಕೇ ಬಿಟ್ಟಿದೆ. ಆದರೂ ಅದೇ ವಿನ್ಯಾಸ ವಿದ್ಯುತ್ ಮಗ್ಗದಲ್ಲಿ ಕಡಿಮೆ ಬೆಲೆಗೆ ಹೊರಬರುವುದು ನಿಂತಿಲ್ಲ. ಗೂಡಿನ ಬೆಲೆ ಏರಿದಾಗ ರೇಷ್ಮೆ ಬೆಳೆಗಾರ ನಗುತ್ತಾನೆ, ನೇಕಾರ ಕಂಗೆಡುತ್ತಾನೆ. ಇಬ್ಬರೂ ಇದೇ ಸೀಮೆಯವರು. ಕೈಮಗ್ಗದ್ದನ್ನು ಕೈಮಗ್ಗದ್ದೆಂದು ಗುರುತಿಸಿ ಕೊಳ್ಳುವವರ ಕಣ್ಣು ಇಲ್ಲಿ ಕಾಯ್ದೆಗಿಂತ ಹೆಚ್ಚು ಕೆಲಸ ಮಾಡುತ್ತದೆಂದು ನಾನು ನಂಬಿದ್ದೇನೆ.

ಆ ಕಣ್ಣು ಬೆಳೆಸಿಕೊಳ್ಳುವುದು ಕಷ್ಟವಲ್ಲ. ನೇಯುವಾಗ ಬಟ್ಟೆ ಬಿಗಿಯಾಗಿ ನಿಲ್ಲಲೆಂದು ಅಡ್ಡ ಕೊಡುವ ಕಡ್ಡಿಯ ಮೊಳೆಗಳು ಸೀರೆಯ ಎರಡೂ ಕರೆಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ತೂತು ಬಿಡುತ್ತವೆ, ಅದನ್ನು ದೋಷವೆಂದು ತಿಳಿಯಬೇಡಿ. ಕುಚ್ಚಿನಿಂದ ಒಂದೆಳೆ ಕಿತ್ತು ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಬರಿಸಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಂಟು ಕಟ್ಟುತ್ತದೆ. ಅಸಲಿ ಜರಿಯ ಒಡಲಲ್ಲಿ ಕೆಂಪು ರೇಷ್ಮೆ ಎಳೆ, ಅದರ ಸುತ್ತ ಬೆಳ್ಳಿಯ ತಂತಿ, ಮೇಲೆ ಚಿನ್ನದ ಲೇಪ ಇರುತ್ತದೆ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆಯ ಅಸಲಿತನಕ್ಕಷ್ಟೇ ಸಾಕ್ಷಿ. ಕೈಮಗ್ಗದ ಸಾಕ್ಷಿಗೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ಎರಡನ್ನೂ ಕೇಳಿ.

ಕೊಂಡದ್ದನ್ನು ಉಡಬೇಕು. 2015ರಲ್ಲಿ ಬೆಂಗಳೂರಿನ ಆಲಿ ಮ್ಯಾಥನ್, ಅಂಜು ಮೌದ್ಗಲ್ ಕದಂ ವರ್ಷದಲ್ಲಿ ನೂರು ಸಲ ಸೀರೆ ಉಡುವ ಪಣ ತೊಟ್ಟಾಗ, ದೇಶ ವಿದೇಶದ ಹೆಂಗಸರು ಪೆಟ್ಟಿಗೆ ತೆಗೆದು ಒಂದೊಂದು ಸೀರೆಯ ಕಥೆ ಹೇಳತೊಡಗಿದರು. ಪೆಟ್ಟಿಗೆಯಲ್ಲೇ ಉಳಿದ ರೇಷ್ಮೆ ಮಡಿಕೆಯ ಗೆರೆಯಲ್ಲಿ ಸೀಳುತ್ತದೆ. ಆಗಾಗ ಮಡಿಕೆ ಬದಲಿಸಿ, ನೆರಳಲ್ಲಿ ಗಾಳಿಗೆ ಹರವಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ, ನುಸಿಗುಳಿಗೆ ಜರಿಗೆ ತಾಕುವುದು ಬೇಡ.

ಕೊನೆಯದಾಗಿ ಒಂದು ಬೇಡಿಕೆ. ಹಳೆಯ ಜರಿ ಸೀರೆ ಕೊಳ್ಳುತ್ತೇವೆಂದು ಕೂಗುತ್ತಾ ಬೀದಿಗೆ ಬರುವವರು ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಹೀಗೆ ಈ ಸೀಮೆಯ ಎಷ್ಟೋ ಅಜ್ಜಿಯರ ಸೀರೆಗಳು, ಈಗ ಯಾರ ಮಗ್ಗದಲ್ಲೂ ಇಲ್ಲದ ಅಂಚುಗಳು, ಬೂದಿಯಾಗಿವೆ. ನಿಮ್ಮ ಮನೆಯಲ್ಲಿ ಅಂಥದ್ದು ಹರಿದೇ ಇದ್ದರೂ ಕೊಡಬೇಡಿ. ಮುಂದಿನ ಜವಳಿಗೆ ಧರ್ಮಾವರಕ್ಕೋ ಮೊಳಕಾಲ್ಮೂರಿಗೋ ಹೊರಟಾಗ ಜೊತೆಗೆ ಒಯ್ದು, ಮಗ್ಗದ ಮನೆಯಲ್ಲಿ ಹಿರಿಯರೊಬ್ಬರ ಮುಂದೆ ಹರಡಿ, ಈ ಅಂಚನ್ನು ಮತ್ತೆ ನೇಯಲು ಆಗುತ್ತದೆಯೇ ಎಂದು ಕೇಳಿ. ಆಗುತ್ತದೆ ಎಂದರೆ ಮುಂಗಡ ಕೊಟ್ಟು ಬನ್ನಿ.